ಮೂರು ಎಣಿಸುವಷ್ಟರಲ್ಲಿ

ಟಿಕ್ ಟಿಕ್ ಟಿಕ್ ಟಿಕ್.
ಬಚ್ಚಲ ಗೋಡೆಯಲ್ಲಿ ಹಲ್ಲಿಯಲ್ಲ, ಗೀಸರು.
ಕೆಟ್ಟು ಇವತ್ತಿಗೆ ಮೂರನೇ ದಿನ, ಬೆಳಗಿನ ಐದೂಕಾಲು.
ಮಲ್ಪೆಯ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿಯಿಡೀ
ಗಡ್ಡೆ ಲೆಕ್ಕ ಬರೆದು ಬಂದಿದ್ದೇನೆ,
ನಾನೂರ ಹನ್ನೆರಡು, ಒಡೆದದ್ದು ಬೇರೆ.
ಬೆರಳು ನನ್ನವೇ ಹೌದಾ ಎಂದು ಕಚ್ಚಿ ನೋಡಬೇಕು, ಅಷ್ಟು ಜೋಮು.
ನಲ್ಲಿ ತಿರುಗಿಸಿದರೆ
ಫ್ಯಾಕ್ಟರಿಯೇ ನನ್ನ ಹಿಂದೆ ನಡೆದು ಬಂದಂತೆ ನೀರು.

ಮೋನಾಕನಿಗೆ ಫೋನು. ನಮಾಜು ಮುಗಿಸಿ ಎದ್ದೇ ಇರುತ್ತಾರೆ.
"ಮೊದಲು ಕಿಟಕಿ ತೆಗೀರಿ ಯಶವಂತಿಯಕ್ಕ. ಗ್ಯಾಸಿನ ವಾಸನೆ ಉಂಟಾ?"
ಇಲ್ಲ.
"ಇದ್ದರೆ ಏನೂ ಮುಟ್ಟಬೇಡಿ, ನಾನೇ ಬರ್ತೇನೆ.
ಇಲ್ಲದಿದ್ದರೆ ಸೆಲ್ಲು ನೋಡಿ. ಎರಡು, ದಪ್ಪದ್ದು."

ಸೆಲ್ಲಿನ ತುದಿಗೆ ಪಾಚಿಯಂಥ ಕಿಲುಬು.
ಈ ಊರಲ್ಲಿ ಎಲ್ಲಕ್ಕೂ ಉಪ್ಪು ಹಿಡಿಯುತ್ತದೆ,
ಬೀಗಕ್ಕೆ, ಹೊಲಿಗೆ ಮಿಷನಿಗೆ, ದೇವರ ಪಟದ ಮೊಳೆಗೆ,
ಮಾತಿಗೂ ಎನ್ನಲು ಹೊರಟೆ,
ಚಳಿಗೆ ಹಲ್ಲು ಕಟಕಟಿಸಿ ಬಿಟ್ಟೆ.
ಇವರು ಬೋಟಿಗೆ ಒಯ್ಯಲು ಮರೆತ ಟಾರ್ಚಿನಿಂದ
ಎರಡು ಸೆಲ್ಲು ಕಳಚಿ ಹಾಕಿದೆ.
ಟಿಕ್ ಟಿಕ್ ಜೋರಾಯಿತು, ಅಷ್ಟೇ.

"ನೀರಿನ ರಭಸ?" ಉಂಟು. "ಸಿಲಿಂಡರು?"
ಆ ಶಬ್ದಕ್ಕೆ ಫೋನನ್ನು ಕಿವಿಗೆ ಒತ್ತಿ ಹಿಡಿದೆ.
ಅಡುಗೆಮನೆಯಲ್ಲಿ ಗುಲಾಬಿ ಅತ್ತಿಗೆ ಇದ್ದಾಳೆ.
ಸಿಲಿಂಡರು ಯಾರ ಪುಸ್ತಕದ್ದು ಎಂಬ ಒಂದು ಮಾತಿಗೆ
ನಮ್ಮಿಬ್ಬರ ಬಾಯಿ ಬಂದಾಗಿ ಐವತ್ತೊಂದು ದಿನ.
ಹಿತ್ತಿಲಿಗೆ ಹೋಗಿ ಅಲುಗಿಸಿದೆ. ಭಾರ ಉಂಟು.
ಅದು ಅವಳದ್ದೇ.

"ಗ್ಯಾಸ್ ಬಂದ್ ಮಾಡಿ, ಮುಚ್ಚಳ ಬಿಚ್ಚಿ.
ಜೆಟ್ಟಿನ ಬಾಯಲ್ಲಿ ಜೇಡ ಉಂಟಾ ನೋಡಿ.
ಅವಕ್ಕೆ ಆ ವಾಸನೆ ಅಂದರೆ ಆಯ್ತು, ಅಲ್ಲೇ ಸಂಸಾರ."
ಉಂಟು. ಕಾಳುಮೆಣಸಿನಷ್ಟು ಬಿಳಿ ಚೀಲ, ಒಳಗೆ ಎಷ್ಟು ಜನವೋ.
ಹಳೇ ಬ್ರಷ್ಷಿನಲ್ಲಿ ಎಬ್ಬಿಸಿ ಕಿಟಕಿಯ ಅಂಚಿಗೆ ಇಟ್ಟೆ.

ತಿರುಗಿಸಿದೆ.
ಭುಗ್!
ನೀಲಿ, ಸಾಲಾಗಿ ನೀಲಿ, ಬಂಗುಡೆಯ ಬೆನ್ನಿನ ಹಾಗೆ,
ಒಂದು, ಎರಡು, ಮೂರು
ಟಪ್.

ಮತ್ತೊಮ್ಮೆ. ಒಂದು, ಎರಡು, ಮೂರು, ಟಪ್.

ಮೋನಾಕ ನಕ್ಕರು. "ಹಾಂ, ಈಗ ಸಿಕ್ಕಿತು ಕಳ್ಳ.
ಐದು ನಿಮಿಷ ಸುಮ್ಮನೆ ಬಿಡಿ, ಒಳಗಿನ ಗ್ಯಾಸ್ ಹೋಗಲಿ.
ಬರ್ನರಿನ ಪಕ್ಕ ಒಂದು ಕಡ್ಡಿ ಉಂಟಲ್ಲ, ಬೆಂಕಿಯಲ್ಲೇ ನಿಂತದ್ದು,
ಬೆಂಕಿ ಉಂಟು ಅಂತ ಹೇಳುವುದೇ ಅದರ ಕೆಲಸ.
ಕಿಟ್ಟ ಹಿಡಿದರೆ ಮೈಮೇಲೇ ಉರಿದರೂ ಅದಕ್ಕೆ ಗೊತ್ತಾಗುವುದಿಲ್ಲ,
ಬೆಂಕಿಯೇ ಇಲ್ಲ ಅಂತ ಗ್ಯಾಸ್ ನಿಲ್ಲಿಸಿಬಿಡ್ತದೆ.
ಒಳ್ಳೇದಕ್ಕೇ ಮಾಡುವುದು, ಪಾಪ."

ಐದು ನಿಮಿಷ ಎಂದರೆ ಇಷ್ಟು ಉದ್ದ ಎಂದು ಗೊತ್ತಿರಲಿಲ್ಲ.
ಬಚ್ಚಲ ಹೊಸ್ತಿಲಲ್ಲಿ ಕುಳಿತೆ.
ಧಕ್ಕೆಯ ಕಡೆ ಯಾವುದೋ ಬೋಟು ಎರಡು ಸಲ ಕೂಗಿತು.
ಮೂಲೆಯಲ್ಲಿ ಒಂದು ಬಕೆಟು, ಮೇಲೆ ಅಲ್ಯೂಮಿನಿಯಂ ತಟ್ಟೆ.
ನಿನ್ನೆಯೂ ಇತ್ತು. ಮೊನ್ನೆಯೂ.
ಬಟ್ಟೆ ನೆನೆಹಾಕಿದ್ದಾಳೆ ಎಂದುಕೊಂಡು ದಾಟಿ ಹೋಗಿ
ತಣ್ಣೀರು ಸುರಿದುಕೊಂಡಿದ್ದೆ, ಹಠಕ್ಕೆ,
ಅವಳಿಗೆ ಕೇಳಲಿ ಎಂದು ಚೆಂಬು ಕುಕ್ಕಿ ಕುಕ್ಕಿ.

ತಟ್ಟೆ ಎತ್ತಿದೆ.
ಕನ್ನಡಕಕ್ಕೆ ಹಬೆ ಹತ್ತಿ ಏನೂ ಕಾಣಲಿಲ್ಲ.

"ಮರಳು ಕಾಗದ ಇದ್ದರೆ ಮೆಲ್ಲ ಉಜ್ಜಿ," ಫೋನಿನೊಳಗೆ ಮೋನಾಕ,
"ಜೋರು ಬೇಡ. ಕಿಟ್ಟ ಹೋಗಬೇಕು, ಕಡ್ಡಿ ಅಲ್ಲ."
ಮರಳು ಕಾಗದ ನನ್ನಲ್ಲಿಲ್ಲ.
ಅವಳ ಹೊಲಿಗೆ ಡಬ್ಬದಲ್ಲಿ ಇದ್ದೀತು, ಸೂಜಿಯ ತುಕ್ಕಿಗೆಂದು.
ಕೇಳಬೇಕು.
ಬಾಯಿ ತೆರೆದೆ, ಬರೀ ಗಾಳಿ.
ಇನ್ನೊಮ್ಮೆ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.
"ಎಂತ ಬೇಕಾದರೂ ಆಮೇಲೆ ಕೇಳು," ಎಂದಳು ಗೋಡೆಯಾಚೆಯಿಂದ,
"ಮೊದಲು ಮೀಯಿ. ನೀರು ಆರ್ತದೆ."

ಕಿಟಕಿಯ ಅಂಚಿನಲ್ಲಿ ಆ ಬಿಳಿ ಚೀಲ
ಒಂದು ಚೂರು ಅಲ್ಲಾಡಿತು,
ಗಾಳಿಗೋ ಏನೋ.