ಹೆಪ್ಪು

ಹದಿನೇಳನೇ ಮಂಚದ ಗುತ್ಯಮ್ಮನ ಮೂತ್ರವನ್ನು
ನಿನ್ನೆ ಸಂಜೆ ತಟ್ಟೆಯ ಮೇಲೆ ಎಳೆದಿದ್ದೆ.
ಬೆಳಿಗ್ಗೆ ಮುಚ್ಚಳ ತೆಗೆದರೆ ಹಸಿರು ಮಿಂಚು,
ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದೆವಲ್ಲ,
ಆ ಜೀರ್ಜಿಂಬೆಯ ಬೆನ್ನು.
ಹೆಸರು ಬರೆದೆ: ಇ. ಕೋಲೈ.
ಎಣಿಕೆ: ಲಕ್ಷ ದಾಟಿದೆ.

ಪರಊರಿನವನಲ್ಲ ಇವನು.
ಅವಳ ಕರುಳಲ್ಲೇ ಐವತ್ತು ವರ್ಷ ಉಂಡವನು,
ಬಾಡಿಗೆಯ ಲೆಕ್ಕಕ್ಕೆ ಒಂದಿಷ್ಟು ವಿಟಮಿನ್ ಕೊಟ್ಟವನು,
ಕತ್ತಿ ತಾಗಿದ ಬೆರಳಲ್ಲಿ
ನೆತ್ತರು ಹೆಪ್ಪುಗಟ್ಟಲು ಬೇಕಾದದ್ದು.
ಹಿತ್ತಿಲಿನವನು ಜಗುಲಿಗೆ ಬಂದ, ಅಷ್ಟೇ.
ನಾಲ್ಕು ಬೆರಳಿನ ದಾರಿ.
ಆಮೇಲೆ ಉರಿ, ನಡುಕ, ನೂರಮೂರು ಜ್ವರ,
ಹೊಸನಗರದ ಬಸ್ಸಿನಲ್ಲಿ ಶಿವಮೊಗ್ಗದವರೆಗೂ
ಮಗಳ ತೊಡೆಯ ಮೇಲೆ ತಲೆ.

ಔಷಧಿಯ ಬಿಳಿ ಬಿಲ್ಲೆ ಎಂಟು ಇಟ್ಟು ನೋಡಿದೆ.
ಆರರ ಅಂಚಿನವರೆಗೂ ಗರಿಕೆಯ ಹಾಗೆ ಹಬ್ಬಿದ್ದ.
ಎರಡರ ಸುತ್ತ ಮಾತ್ರ ಗುಡಿಸಿದ ಅಂಗಳ.
ಸ್ಕೇಲು ಹಿಡಿದು ಅಳೆದೆ:
ಹತ್ತೊಂಬತ್ತು ಮಿಲಿಮೀಟರ್ ದಯೆ.

ಹತ್ತು ದಿನ ಸೂಜಿ.
ಜ್ವರ ಇಳಿಯಿತು, ಹೊಟ್ಟೆ ಕೆಟ್ಟಿತು,
ರಾತ್ರಿಯೊಂದಕ್ಕೆ ಒಂಬತ್ತು ಸಲ.
ಡಬ್ಬಿ ಕೊಡಲು ಹೋದಾಗ
ಗೋಡೆಯ ಕಡೆ ತಿರುಗಿಯೇ ಅಂದಳು:
"ಕಳೆಗೆ ಔಷ್ಧಿ ಹೊಡ್ದ ವರ್ಷ
ನಮ್ ಗದ್ದೇಲಿ ಕಪ್ಪೇನೂ ಕೂಗ್ಲಿಲ್ಲ ಕಣವ್ವ."
ನಾನು ಲೇಬಲ್ ಅಂಟಿಸಿದೆ.
ನನ್ನ ಡಿಪ್ಲೊಮಾ ಪುಸ್ತಕಕ್ಕೆ
ಇದೇ ಮಾತಿಗೆ ಎರಡು ಪುಟ ಬೇಕಾಗಿತ್ತು.

ಐದು ಗಂಟೆಗೆ ತಟ್ಟೆಗಳೆಲ್ಲ ಆಟೋಕ್ಲೇವಿಗೆ.
ನೂರಿಪ್ಪತ್ತೊಂದು ಡಿಗ್ರಿ, ಅರ್ಧ ಗಂಟೆ.
ಸರ್ಕಾರಿ ಕುಕ್ಕರು ಅನ್ನುತ್ತಾನೆ ಅಟೆಂಡರ್ ಬಸವಣ್ಯಪ್ಪ.
ಕೋಟಿಗಳು ಬೇಯುವ ವಾಸನೆ ಹಳಸಿದ ಸಾರಿನದು,
ಇಪ್ಪತ್ತೆರಡು ವರ್ಷವಾದರೂ ಮೂಗಿಗೆ ಒಗ್ಗಿಲ್ಲ.
ಮೊಣಕೈವರೆಗೆ ಸೋಪು.
ಮತ್ತೊಮ್ಮೆ ಸೋಪು.

ಗೋಪಾಳದ ಮನೆಯಲ್ಲಿ ಅದೇ ಕೈ
ಕಾಯಿಸಿದ ಹಾಲಿಗೆ ಕಿರುಬೆರಳು ಅದ್ದಿ ಕಾಯುತ್ತದೆ.
ಸುಡಬಾರದು, ಆರಿಯೂ ಹೋಗಬಾರದು,
ಜ್ವರ ಬಿಟ್ಟ ಮಗುವಿನ ಹಣೆಯಷ್ಟು.
ಪುಷ್ಯದ ಚಳಿಗೆ ಪಾತ್ರೆಗೊಂದು ಹಳೇ ಸ್ವೆಟರು ಸುತ್ತಬೇಕು,
ಇಲ್ಲದಿದ್ದರೆ ಮುನಿಸಿಕೊಂಡು
ಬೆಳಗಿನವರೆಗೂ ಹಾಲೇ.

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು,
ಮನೆಯ ಹೈನು ಹೋಗುತ್ತದೆ ಅನ್ನುತ್ತಿದ್ದಳು ಅಮ್ಮ.
ಇವತ್ತು ಏಳೂವರೆಗೆ ಬಾಗಿಲಲ್ಲಿ ಪಕ್ಕದ ಮೆಹರುನ್ನೀಸಾ,
ಕೈಯಲ್ಲಿ ಸ್ಟೀಲ್ ಬಟ್ಟಲು.
ಫ್ರಿಜ್ ಕೆಟ್ಟು ಮೂರು ದಿನವಂತೆ,
ಮಗನಿಗೆ ಮಾತ್ರೆ ನುಂಗಿ ನುಂಗಿ
ಮೊಸರನ್ನ ಬಿಟ್ಟು ಬೇರೇನೂ ಸೇರುತ್ತಿಲ್ಲವಂತೆ.

ಗುತ್ಯಮ್ಮನ ಎರಡನೇ ವರದಿ ನಾಳೆ.
ರಕ್ತಕ್ಕೂ ಹಾಲಿಗೂ ಒಂದೇ ಮಾತು ಇಟ್ಟರಲ್ಲ,
ಇಟ್ಟವರಿಗೆ ಏನು ಗೊತ್ತಿತ್ತೋ.

ಒಂದು ಚಮಚ ಹಾಕಿದೆ.
ಬಟ್ಟಲಿನ ಅಂಚಿಗೆ ಬಡಿದು ಇನ್ನರ್ಧ.
ಎಷ್ಟು ಮಂದಿ ದಾಟಿದರೋ ಗೋಡೆಯಾಚೆಗೆ,
ಎಣಿಸಲಿಲ್ಲ.
ಡ್ಯೂಟಿ ಮುಗಿದಿತ್ತು.