ಖಾಲಿ ಮನೆ

ಬಾಲ್ಟಿಮೋರಿನ ಆ ಕಟ್ಟಡದ ನೆಲಮಾಳಿಗೆಯಲ್ಲಿ
ಪೊರಕೆ ಬಕೆಟ್ಟು ಇಡುತ್ತಿದ್ದ ಕೋಣೆಯೇ ನಮ್ಮ ಸ್ಟುಡಿಯೋ.
ಗೋಡೆಗೆ ಹಳೆ ಕಂಬಳಿ. ಪಕ್ಕದ ಶೌಚಾಲಯಕ್ಕೆ ಚೀಟಿ:
"ಪಾಠ ನಡೆದಿದೆ, ದಯವಿಟ್ಟು ಫ್ಲಶ್ ಮಾಡಬೇಡಿ."
ಪ್ರೊಫೆಸರ್ ಥಿಯೊಡೋರಾ ಪಾವ್ಲಿಕ್ ಮಾತಾಡುವವರು,
ನಾನು ಕತ್ತರಿಸುವವನು.
ಕೆಮ್ಮು, "ಅಂದರೆ", ನೀರು ಗುಟುಕರಿಸಿದ ಸದ್ದು,
ವಾಕ್ಯದ ನಡುವೆ ಅವರು ನಿಂತುಬಿಡುವ ಮೌನ.

ಏಳನೆಯ ಪಾಠ: ಕಾಣೆಯಾದ ದತ್ತಾಂಶ.
"ಗೊತ್ತಿಲ್ಲದ ಕಡೆ ಸೊನ್ನೆ ಬರೆಯಬೇಡಿ,"
ಅನ್ನುತ್ತಾರೆ, ಮಗುವಿಗೆ ಬಿಸಿ ಪಾತ್ರೆ ತೋರಿಸುವ ಹಾಗೆ.
"ಸೊನ್ನೆಯೂ ಒಂದು ಅಳತೆ.
ಯಾರೋ ಅಳೆದು ನೋಡಿ ಏನೂ ಇಲ್ಲ ಅಂದದ್ದು.
ಇದು ಹಾಗಲ್ಲ. ಇಲ್ಲಿ ಬಾಗಿಲು ತೆರೆಯಲೇ ಇಲ್ಲ.
ಕೋಷ್ಟಕದ ಆ ಮನೆ ಖಾಲಿ ಬಿಡಿ.
ಖಾಲಿ ಇದೆ ಅಂತ ಬರೆಯಿರಿ."

ತಟ್ಟಿದ್ದರು ಅವರು, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ,
ಊರಿನ ಪೂರ್ವಕ್ಕೆ, ಒಂದಕ್ಕೊಂದು ಅಂಟಿ ನಿಂತ ಇಟ್ಟಿಗೆ ಮನೆಗಳಲ್ಲಿ,
ಬಿಳಿ ಕಲ್ಲಿನ ಮೂರು ಮೆಟ್ಟಿಲು ಹತ್ತಿ.
ಕಿಟಕಿ ಚೌಕಟ್ಟಿನಿಂದ ಬಣ್ಣದ ಚಕ್ಕೆ,
ಮಕ್ಕಳ ಬೆರಳ ತುದಿಯಿಂದ ರಕ್ತ,
ಸೀಸ ಎಷ್ಟಿದೆ, ಎಷ್ಟಿದೆ ಎಂದು.
(ಆ ಚಕ್ಕೆ ಸಿಹಿಯಂತೆ. ಅದಕ್ಕೇ ನೆಕ್ಕುತ್ತವಂತೆ.)
ಇನ್ನೂರ ಹನ್ನೆರಡನೆಯ ಮಗು ಎರಡು ಸಲ ಸಿಕ್ಕಿತು.
ಮೂರನೆಯ ಸಲ ಹೋದಾಗ
ಕಿಟಕಿಗೆ ಪ್ಲೈವುಡ್ ಬಡಿದಿತ್ತು.

ಆ ಸಾಲು ಕಿತ್ತು ವರದಿ ಅಚ್ಚಾಯಿತು.
ನೂರಾರು ಜನ ಉಲ್ಲೇಖಿಸಿದರು. ಬಡ್ತಿ ಬಂತು.
ಗಾಜಿನದೊಂದು ಫಲಕ ಬಂತು, ಅದನ್ನೀಗ
ಬಾಗಿಲು ಬಡಿಯದಂತೆ ಒತ್ತಿಡುತ್ತೇವೆ.
ಹನ್ನೊಂದು ವರ್ಷ ಬಿಟ್ಟು ಅವರೇ ತಿದ್ದುಪಡಿ ಬರೆದರು:
ಬಿಟ್ಟುಹೋದ ಮಕ್ಕಳ ರಕ್ತದಲ್ಲೇ ಸೀಸ ಹೆಚ್ಚಿದ್ದೀತು,
ನಮ್ಮದು ಬರೀ ಉಳಿದವರ ಸರಾಸರಿ.
ಅದನ್ನು ಉಲ್ಲೇಖಿಸಿದವರು ನಾಲ್ವರು.
ಅದರಲ್ಲೊಬ್ಬರು ಅವರೇ.

ಆಮೇಲೆ ಈ ಕೋಣೆ, ಈ ಕ್ಯಾಮೆರಾ, ನಾನು.
ಮೊದಲ ವರ್ಷ ಹೆಸರು ಹಚ್ಚಿದವರು ಮೂವತ್ತೊಂದು ಸಾವಿರ,
ಮುಗಿಸಿದವರು ಸಾವಿರದ ಎಂಟುನೂರು ಚಿಲ್ಲರೆ.
ಡೀನ್ ನಕ್ಕ: "ಮಿಕ್ಕವರು ಆಟಕ್ಕುಂಟು, ಲೆಕ್ಕಕ್ಕಿಲ್ಲ."
ಪಾವ್ಲಿಕ್ ಮಾತಾಡಲಿಲ್ಲ. ಸಂಜೆ ಪಟ್ಟಿ ತರಿಸಿ,
ಯಾರು ಯಾವ ನಿಮಿಷಕ್ಕೆ ಎದ್ದುಹೋದರು ಅಂತ
ಸ್ಯಾಂಡ್‌ವಿಚ್ ತಿನ್ನುತ್ತಾ ಸಾಲು ಸಾಲಾಗಿ ಓದಿದರು,
ಸಾಸಿವೆ ಮೆತ್ತಿದ ಬೆರಳಲ್ಲೇ.

ಏಳನೆಯ ಪಾಠದ ಒಂಬತ್ತನೆಯ ನಿಮಿಷಕ್ಕೆ ಎದ್ದವಳು
ಕಿಸುಮುವಿನ ನರ್ಸು, ಪೆರೆಸ್ ಅಡೊಂಗೊ. ಬರೆದಿದ್ದಳು:
"ಮೇಡಂ, ನೀವು ಭಾಗಿಸಬೇಕಾದ್ದು ಮೂವತ್ತೆಂಟರಿಂದ,
ನಲವತ್ತರಿಂದಲ್ಲ. ಕಾಣೆಯಾದ ಇಬ್ಬರನ್ನು
ಸೊನ್ನೆ ಅಂತಲೇ ಹಿಡಿದುಬಿಟ್ಟಿದ್ದೀರಿ.
ರಾತ್ರಿ ಪಾಳಿ ಇದೆ, ಮುಂದಿನದು ನೋಡಲಾಗಲಿಲ್ಲ."

ನಕ್ಕರು ನೋಡಿ, ಕೆಮ್ಮು ಬರುವವರೆಗೆ ನಕ್ಕರು.
ಕತ್ತರಿಸಿಬಿಡಲೇ? ಕೇಳಿದೆ.
"ಬೇಡ. ತಪ್ಪು ಅಲ್ಲೇ ಇರಲಿ. ಪಕ್ಕದಲ್ಲಿ ಇವಳ ಹೆಸರು ಹಾಕು."

ಮೇ ತಿಂಗಳಲ್ಲಿ ನಿವೃತ್ತರಾದರು. ಭಾಷಣ ಬೇಡವೆಂದರು.
ಅವರ ಮೌನಗಳೆಲ್ಲ ನನ್ನ ಹತ್ತಿರ ಉಳಿದಿವೆ,
ಕತ್ತರಿಸಿದವನ್ನು ಎಸೆಯುವ ಅಭ್ಯಾಸ ನನಗಿಲ್ಲ,
ಒಟ್ಟು ನಾಲ್ಕು ಗಂಟೆ ಹನ್ನೊಂದು ನಿಮಿಷ.
ನಿನ್ನೆ ಹೆಡ್‌ಫೋನ್ ಹಾಕಿ ಕೂತೆ.
"ಖಾಲಿ ಇದೆ ಅಂತ ಬರೆಯಿರಿ" ಆದಮೇಲೆ
ಹದಿನಾಲ್ಕು ಸೆಕೆಂಡು: ಕುರ್ಚಿ ಕಿರುಗುಟ್ಟುತ್ತದೆ,
ಪಕ್ಕದಲ್ಲಿ ಯಾರೋ ಫ್ಲಶ್ ಮಾಡುತ್ತಾರೆ,
ಆ ನೀರ ಸದ್ದಿನ ಅಡಿಯಲ್ಲಿ, ಉಸಿರಿಗಿಂತ ಸಣ್ಣದಾಗಿ,
ಒಂದು ಹೆಸರು. ಅಂಕಿಯಲ್ಲ, ಹೆಸರು.

ಏನೆಂದು ಕೇಳಬೇಡಿ.
ಮಕ್ಕಳ ಹೆಸರು ಹೊರಗೆ ಹೇಳಕೂಡದೆಂದು
ಆ ಕಾಲದಲ್ಲೇ ಸಹಿ ಮಾಡಿಸಿಕೊಂಡಿದ್ದಾರೆ.