ಸಿ ಫಾರಮ್ಮಿನ ಖಾನೆಗಳು

ಇಪ್ಪತ್ನಾಲ್ಕು ತಾಸಿನೊಳಗೆ ಬರೆದುಕೊಡಬೇಕಂತೆ,
ಕೋಣೆ ಬಾಡಿಗೆ ಕೊಟ್ಟವಳು ನಾನು, ಸಹಿಯೂ ನನ್ನದೇ.
ನಿನ್ನೆ ಸಂಜೆ ಸದಾಶಿವಗಡ ನಾಕೆಯಲ್ಲಿ
ಮಡಗಾಂವ್ ಬಸ್ಸಿಳಿದು,
ಎರಡು ಸೂಟ್‌ಕೇಸು, ಕಂಕುಳಲ್ಲೊಂದು ಚಾಪೆಯ ಸುರುಳಿ,
ಚಿತ್ತಾಕುಲದ ಕಾಲನಿಗೆ ಕೇಳುತ್ತ ಕೇಳುತ್ತ ಬಂದಳು
ಜುಹುರಾ ಹಮೀಸ್.
ಊರು ಪೆಂಬಾ. ಅದೊಂದು ದ್ವೀಪ ಅಂದಳು.
ಎಷ್ಟು ದೊಡ್ಡದು, ನಮ್ಮ ಕೂರ್ಮಗಡದಷ್ಟೋ?
ನಕ್ಕುಬಿಟ್ಟಳು. ನನಗೇನು ಗೊತ್ತು.

ಬಂದ ಉದ್ದೇಶ, ಎಂದಿತ್ತು ಒಂದು ಖಾನೆ.
ಕಡಲಪಾಚಿ, ಅಂದಳು.
ನನ್ನ ಪೆನ್ನು ನಿಂತಿತು.
ನೀರಿಳಿದ ಹೊತ್ತು ಸೊಂಟಮಟ್ಟ ನಿಂತು
ಗೂಟದಿಂದ ಗೂಟಕ್ಕೆ ಹಗ್ಗ ಬಿಗಿದು
ಅವಳ ತಾಯಿ ಅದನ್ನು ಬೆಳೆಯುತ್ತಾಳಂತೆ,
ಅದರ ದುಡ್ಡಿನಲ್ಲೇ ಇವಳ ವಿಮಾನ.
ನಾವೋ, ಬಲೆಯಿಂದ ಬಿಡಿಸಿ, ಬೈದು,
ದಂಡೆಗೆ ಎಸೆಯುವವರು.
ಶಿಕ್ಷಣ, ಎಂದು ಬರೆದೆ. ಖಾನೆ ಸಣ್ಣದಿತ್ತು.

ಸಿಮ್ಮಿನವ ಬ್ಯಾಂಕಿನ ಪಾಸ್‌ಬುಕ್ ತಾ ಅಂದ,
ಬ್ಯಾಂಕಿನವರು ಫೋನ್ ನಂಬರು ತಾ ಅಂದರು.
ಕಾಳಿ ಸೇತುವೆ ದಾಟಿಸಿದ್ದಕ್ಕೆ ರಿಕ್ಷಾದವ ಇನ್ನೂರು ಎಣಿಸಿಕೊಂಡ;
ಬಸ್ಸಿನ ದರ ಕೇಳಿ ಹಣೆ ಚಚ್ಚಿಕೊಂಡಳು.
ಹಣೆ ಚಚ್ಚಿಕೊಳ್ಳುವುದು ಅಲ್ಲಿಯೂ ಇದೆ ಹಾಗಾದರೆ.
ಬೇಲಿಯಾಚೆಯಿಂದ ರುಕ್ಮಾ ದುರ್ಗೇಕರ ಕೇಳಿದಳು:
ಏನು ತಿನ್ನುತ್ತದೆ ಅದು?
ಅದು ಅಲ್ಲ, ಅವಳು.
ತಾರ್ಲೆಯ ಮುಳ್ಳು ನಿನಗಿಂತ ಚಂದ ಬಿಡಿಸುತ್ತಾಳೆ.

ಒಂಬತ್ತನೇ ದಿನವೋ ಹತ್ತನೆಯದೋ,
ಅಡುಗೆಮನೆಗೆ ಇಳಿದು ಬಂದವಳು
ನನ್ನ ತುರಿಮಣೆ ಕಂಡು ಕೂಗಿದಳು: ಎಂಬೂಜಿ!
ಎಂಬೂಜಿ ಅಂದರೆ ಆಡಂತೆ ಅವರಲ್ಲಿ.
ಕುಳ್ಳ ಕಾಲು, ಚಾಚಿದ ಕತ್ತು, ತುದಿಗೆ ಹಲ್ಲು.
ಐವತ್ತು ವರ್ಷ ಅದರ ಬೆನ್ನ ಮೇಲೆ ಕೂತರೂ
ಆಡು ಕಂಡಿರಲಿಲ್ಲ ನನಗೆ.
ಸೆರಗು ಸಿಕ್ಕಿಸಿದಂತೆ ಅರಿವೆ ಸಿಕ್ಕಿಸಿ ಕೂತಳು, ತುರಿದಳು,
ಮೊದಲ ಹಾಲು ಬೇರೆ, ಎರಡನೇ ಹಾಲು ಬೇರೆ.
ತುರಿಯುತ್ತ ಶಬ್ದಗಳ ಲೆಕ್ಕ ಹಾಕಿದೆವು:
ಸಾಬೂನು, ಪೈಸೆ, ಗಾಡಿ, ಚಹಾ, ದುಕಾನು.
ಕೊಂಚ ಬಾಲ ಮುರಿದು, ಕೊಂಚ ಸೊಟ್ಟಗೆ, ಎಲ್ಲ ಅಲ್ಲಿಯೂ ಇದ್ದವು.
ಯಾವ ಕಾಲದ ಹಾಯಿಹಡಗಿನಲ್ಲಿ ಹೋಗಿದ್ದವೋ,
ಅವಕ್ಕೆ ಯಾರು ಫಾರಂ ತುಂಬಿದ್ದರೋ.

ರಾತ್ರಿ ಮಾತ್ರ ಮಾಳಿಗೆಯಲ್ಲಿ ಹೆಜ್ಜೆ.
ಬಾಗಿಲಿಂದ ಕಿಟಕಿ, ಕಿಟಕಿಯಿಂದ ಬಾಗಿಲು.
ಆ ನಡಿಗೆಯ ಗುರುತು ನನಗುಂಟು.

ಅರ್ಗಾದಿಂದ ನಾನಿಲ್ಲಿಗೆ ಬಂದದ್ದು ಬಾಡಿಗೆ ಟೆಂಪೋದಲ್ಲಿ,
ಹನ್ನೆರಡು ಕಿಲೋಮೀಟರು ಇದ್ದೀತು.
ನೌಕಾನೆಲೆಗೆ ನಮ್ಮ ಜಾಗ ಬೇಕಿತ್ತು.
ಈ ತುರಿಮಣೆ ಮಡಿಲಲ್ಲಿತ್ತು, ಇದೇ ಆಡು.
ಪಾಸ್‌ಪೋರ್ಟಿಲ್ಲ, ವೀಸಾ ಇಲ್ಲ, ಅದೇ ತಾಲೂಕು,
ಆದರೂ ಮೂರು ವರ್ಷ ಹಿಡಿಯಿತು
ಇಲ್ಲಿನ ಬಾವಿಯ ನೀರು ನೀರೆನಿಸಲು.
ಅಲ್ಲಿ ತಲೆದಿಂಬಿನ ಕಡೆ ಕೇಳುತ್ತಿದ್ದ ಕಡಲು
ಇಲ್ಲಿ ಕಾಲಡಿಗೆ ಬಂದಿತ್ತು.
ನಿದ್ದೆಗಣ್ಣಲ್ಲಿ ಬಾಗಿಲೆಂದು ಹೋದರೆ ಗೋಡೆ.
ಇದನ್ನೆಲ್ಲ ಅವಳಿಗೆ ಹೇಳಲು
ನನ್ನ ಏಳನೇ ಇಯತ್ತೆಯ ಇಂಗ್ಲಿಷು ಸಾಲದು.
ಎರಡು ತೆಂಗಿನಕಾಯಿ ಮೆಟ್ಟಿಲ ಮೇಲಿಟ್ಟು ಬಂದೆ.

ಈಗ ನನ್ನ ಒಣಮೀನಿನ ಪಕ್ಕದ ಹಗ್ಗದಲ್ಲಿ
ಬೈತಖೋಲದ ಬಂಡೆಯ ಪಾಚಿ ಒಣಗುತ್ತದೆ,
ಒಂದೊಂದಕ್ಕೂ ಚೀಟಿ, ತಾರೀಖು.
ಠಾಣೆಯಿಂದ ಪೋಲೀಸ ಬಂದು ಕೇಳಿದ,
ಇದ್ದಾಳಾ? ಇದ್ದಾಳೆ.
ಹೊಂದಿಕೊಂಡಳಾ?
ಆ ಖಾನೆ ಇರಲಿಲ್ಲವಲ್ಲ, ಅಂದೆ.

ಒಂದು ಮಾತು ಅವನಿಗೆ ಹೇಳಲಿಲ್ಲ.
ಬಂದ ಸಂಜೆ ಚಾಪೆ ಹಿಡಿದು ಕೇಳಿದ್ದಳು, ಪಶ್ಚಿಮ ಯಾವ ಕಡೆ?
ಮೋಡ ಕವಿದಿತ್ತು, ಅವಳ ಫೋನಿಗೆ ಜೀವವಿರಲಿಲ್ಲ.
ನಾನು ಥಟ್ಟನೆ ಕೈ ತೋರಿಸಿದೆ.
ನಾಲ್ಕು ದಿನ ಅತ್ತಲೇ ಬಾಗಿದಳು ಪಾಪ.
ಆಮೇಲೊಮ್ಮೆ ಕಸ ಹೊಡೆಯಲು ಹೋದಾಗ ಕಂಡೆ,
ಚಾಪೆ ತಿರುಗಿತ್ತು. ಅವಳು ಏನೂ ಅಂದಿರಲಿಲ್ಲ.
ಪೊರಕೆ ಹಿಡಿದು ನಿಂತೆ.
ಅಂದು ನಾನು ತೋರಿಸಿದ್ದು
ಅರ್ಗಾದ ಹೊಸ್ತಿಲಲ್ಲಿ ನಿಂತು.